ಕಚೇರಿಯ ಗಣಕಜಾಲದಲ್ಲಿ ಸಂಚಾರಿ ಪ್ರೊಫೈಲು

ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ‘ನೆಲೆವೀಡು’ ಎಂಬ ಪದವು ಪರಿಚಿತವಾದುದು. ಅರಸನು ಕಲ್ಯಾಣದಲ್ಲಿರಲಿ, ಏತಗಿರಿಯಲ್ಲಿರಲಿ, ಅವನ ಬೀಡೇ ಆಳ್ವಿಕೆಯ ನೆಲೆಯೆನಿಸುತ್ತಿದ್ದಿತು. ಒಡೆಯನೊಡನೆ ಏನು ಸಾಗಬೇಕು, ಏನು ಒಂದೆಡೆ ನಿಲ್ಲಬೇಕು ಎಂಬ ಪ್ರಶ್ನೆಯು ಇಂದಿನ ಕಚೇರಿಯ ಗಣಕಜಾಲದಲ್ಲಿಯೂ ಏಳುತ್ತದೆ. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬಸವಕಲ್ಯಾಣದ ಒಂದು ಕಾಲೇಜಿನ ಅಧ್ಯಾಪಕರ ಕೊಠಡಿ, ಗ್ರಂಥಾಲಯ, ಕಚೇರಿಗಳಲ್ಲಿ ಗಣಕಗಳಿವೆಯೆಂದು ಭಾವಿಸೋಣ. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪವನ್ನು ಕುರಿತು ಅಧ್ಯಾಪಕರೊಬ್ಬರು ಟಿಪ್ಪಣಿ ಸಿದ್ಧಪಡಿಸುತ್ತಿದ್ದಾರೆ. ಅವರು ಯಾವ ಗಣಕದ ಮುಂದೆ ಕುಳಿತರೂ ತಮ್ಮ ಡೆಸ್ಕ್‌ಟಾಪು, ಕಡತಗಳು, ಆಯ್ದುಕೊಂಡ ಏರ್ಪಾಡುಗಳು ದೊರೆಯುವಂತೆ ಮಾಡುವ ವ್ಯವಸ್ಥೆಯೇ ಸಂಚಾರಿ ಪ್ರೊಫೈಲು. 1996ರ ವಿಂಡೋಸ್ ಎನ್‌ಟಿ 4.0ರಲ್ಲಿಯೇ ಇದು ಇದ್ದಿತು.

ಇದರ ಕ್ರಮವು ಸರಳವಾದುದು. ಹೆಸರು ಮತ್ತು ಗುಪ್ತಪದಗಳನ್ನು ಕೊಟ್ಟೊಡನೆ ಸರ್ವರಿನಲ್ಲಿರುವ ಪ್ರೊಫೈಲಿನ ಪ್ರತಿಯು ಆ ಗಣಕಕ್ಕೆ ಇಳಿಯುತ್ತದೆ. ಲಾಗಾಫ್ ಮಾಡಿದಾಗ ಬದಲಾವಣೆಗಳು ಸರ್ವರಿಗೆ ಮರಳುತ್ತವೆ. ತೊಂದರೆಗಳೆಲ್ಲ ಈ ಹೋಗಿಬರುವಿಕೆಯಿಂದಲೇ ಹುಟ್ಟುತ್ತವೆ. ಶಾಸನಗಳ ಛಾಯಾಚಿತ್ರಗಳನ್ನು ಡೆಸ್ಕ್‌ಟಾಪಿನಲ್ಲಿ ರಾಶಿಹಾಕಿದರೆ ಆ ಭಾರವು ಜಾಲದ ಮೇಲೆ ಬಿದ್ದು, ಪ್ರವೇಶವೇ ತಡವಾಗುವುದು. ಲಾಗಾಫ್‌ಗೆ ಮುನ್ನ ವಿದ್ಯುತ್ತು ನಿಂತರೆ ಅಂದಿನ ಬರೆಹವು ಆ ಗಣಕದಲ್ಲಿಯೇ ಉಳಿಯುವುದು. ಒಬ್ಬರೇ ಎರಡು ಗಣಕಗಳನ್ನು ಏಕಕಾಲದಲ್ಲಿ ತೆರೆದಿದ್ದರೆ, ಕೊನೆಗೆ ಮುಚ್ಚಿದ ಗಣಕದ ಏರ್ಪಾಡುಗಳು ಮೊದಲಿನವುಗಳನ್ನು ಅಳಿಸುವುವು. ಒಂದೇ ಕಡತವನ್ನು ಎರಡೂ ಕಡೆ ತಿದ್ದಿದ್ದರೆ ಒಂದು ತಿದ್ದುಪಡಿಯು ನಷ್ಟವಾಗುವುದು.

ಪ್ರೊಫೈಲಿನೊಡನೆ ಎಲ್ಲವೂ ಸಾಗುವುದಿಲ್ಲವೆಂಬುದನ್ನೂ ಗಮನಿಸತಕ್ಕುದು. ‘ಲೋಕಲ್’ ಎಂಬ ಒಳಕೋಶದಲ್ಲಿರುವುದು ಆಯಾ ಗಣಕದಲ್ಲಿಯೇ ಉಳಿಯುತ್ತದೆ. ಗಣಕದಲ್ಲಿ ಸ್ಥಾಪಿಸಿದ ಫಾಂಟುಗಳೂ ಹಾಗೆಯೇ. ಆದುದರಿಂದ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸುವುವು. ಕನ್ನಡವು 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಸ್ಥಾನ ಪಡೆದಿರುವುದರಿಂದ ಹೊಸ ಬರೆಹವನ್ನು ಅದರಲ್ಲಿಯೇ ಮಾಡುವುದು ಯುಕ್ತವು. ಇದಲ್ಲದೆ ವಿಂಡೋಸ್ 7 ಹಾಗೂ 10ರ ಪ್ರೊಫೈಲುಗಳು ಬೇರೆ ಬೇರೆ. ಒಂದರಲ್ಲಿ ಉಳಿಸಿದುದು ಇನ್ನೊಂದರಲ್ಲಿ ತಾನಾಗಿ ಕಾಣಿಸದು.

ಇವುಗಳಿಗೆ ಮುಖ್ಯ ಪರಿಹಾರವೆಂದರೆ ಕಡತಗಳನ್ನು ಪ್ರೊಫೈಲಿನಿಂದ ಬೇರ್ಪಡಿಸುವುದು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಕೋಶಗಳನ್ನು ಸರ್ವರಿನ ಒಂದು ಸ್ಥಿರ ಸ್ಥಳಕ್ಕೆ ತಿರುಗಿಸಿದರೆ, ಬಳಕೆದಾರನು ಎಲ್ಲಿಂದ ತೆರೆದರೂ ನೋಡುವುದು ಆ ಮೂಲ ಕಡತವನ್ನೇ. ಪ್ರತಿಗಳ ಸಾಗಾಟ ತಪ್ಪುತ್ತದೆ. ಆಗ ಸಂಚರಿಸುವುದು ಏರ್ಪಾಡುಗಳ ಹಗುರವಾದ ಗಂಟು ಮಾತ್ರ. ಎಲ್ಲ ಗಣಕಗಳಲ್ಲಿಯೂ ಒಂದೇ ಆವೃತ್ತಿಯ ವಿಂಡೋಸ್, ಒಂದೇ ಬಗೆಯ ಫಾಂಟುಗಳಿರಬೇಕು. ಒಂದೆಡೆ ಲಾಗಾಫ್ ಮಾಡಿಯೇ ಇನ್ನೊಂದೆಡೆ ಕುಳಿತುಕೊಳ್ಳಬೇಕು.

ಆದರೆ ಎಲ್ಲವನ್ನೂ ಸರ್ವರಿನಲ್ಲಿ ಕೂಡಿಸಿದ ಮೇಲೆ ಅದು ಕೆಟ್ಟರೆ ಎಲ್ಲರ ಕೆಲಸವೂ ಕೆಡುವುದು. ಆದುದರಿಂದ ಅದರ ಪ್ರತಿಯೊಂದನ್ನು ಬೇರೆ ಕಟ್ಟಡದಲ್ಲಿ ಕಾಪಾಡುವುದೂ, ಆ ಪ್ರತಿಯಿಂದ ಒಂದು ಕಡತವನ್ನು ಮರಳಿ ಪಡೆದು ಆಗಾಗ್ಗೆ ಪರೀಕ್ಷಿಸುವುದೂ ಅವಶ್ಯವು. ಜಲಸಂಗಿಯ ಕಲ್ಲಿನ ಅಕ್ಷರಗಳು ಶತಮಾನಗಳನ್ನು ದಾಟಿ ಬಂದಿವೆ. ಅವುಗಳನ್ನು ಕುರಿತ ನಮ್ಮ ಟಿಪ್ಪಣಿಗಳು ಒಂದು ಸಂಜೆಯ ಅಜಾಗರೂಕತೆಯಿಂದ ಅಳಿಯಬಾರದು.