ಬೆಂಗಳೂರಿನಲ್ಲಿ ಒಳ್ಳೆಯ ಬಬಲ್ ಟೀ ಹುಡುಕುವ ಬಗೆ

ಗಟ್ಟಿಯಾಗಿ ಇಳಿಸಿ ಆರಿಸಿದ ಚಹಾಕ್ಕೆ ಹಾಲು, ಸಕ್ಕರೆ ಪಾಕ, ಮಂಜುಗಡ್ಡೆ ಹಾಕಿ ಕುಲುಕಿ, ತಳದಲ್ಲಿ ಮೆತ್ತನೆಯ ಕಪ್ಪು ಗುಂಡುಗಳನ್ನು ಬಿಟ್ಟು ಕೊಡುವ ತಂಪು ಪಾನೀಯವೇ ಬಬಲ್ ಟೀ. ಲೋಟದ ಬಾಯಿಗೆ ಯಂತ್ರದಿಂದ ತೆಳ್ಳನೆಯ ಹಾಳೆ ಅಂಟಿಸಿರುತ್ತಾರೆ. ಅದಕ್ಕೆ ದಪ್ಪ ಕೊಳವೆ ಚುಚ್ಚಿ ಹೀರಿದರೆ ಚಹಾದ ಗುಟುಕಿನ ಜೊತೆ ಒಂದೆರಡು ಗುಂಡು ಬಾಯಿಗೆ ಬರುತ್ತವೆ, ಅವನ್ನು ಅಗಿದು ತಿನ್ನಬೇಕು. ಅಂಗಡಿಗಳಲ್ಲಿ ಈ ಗುಂಡುಗಳಿಗೆ ಬೋಬಾ ಎಂದು ಹೆಸರು. ನಾಲತವಾಡ, ಮುದ್ದೇಬಿಹಾಳ, ಸಿಂದಗಿ ಕಡೆಯಿಂದ ಓದಿಗೋ ನೌಕರಿಗೋ ಬೆಂಗಳೂರು ಸೇರಿದ ಹುಡುಗ ಹುಡುಗಿಯರಿಗೆ ಇದು ಈಗ ಹೊಸದೇನಲ್ಲ. ಆದರೆ ಒಂದು ಲೋಟಕ್ಕೆ ಸಾಮಾನ್ಯವಾಗಿ 150ರಿಂದ 300 ರೂಪಾಯಿ ಕೊಡುವಾಗ, ಒಳ್ಳೆಯದು ಯಾವುದು ಎಂದು ತಿಳಿದು ಕೊಡುವುದು ಲೇಸು.

ಇದರ ತವರು ತೈವಾನ್, ಕಾಲ 1980ರ ದಶಕ. ತೈಚುಂಗ್ ಊರಿನ ಚುನ್ ಶುಯಿ ತಾಂಗ್ ಮತ್ತು ತೈನಾನ್ ಊರಿನ ಹಾನ್‌ಲಿನ್ ಎಂಬ ಎರಡು ಚಹಾ ಅಂಗಡಿಗಳು ಮೊದಲು ಮಾಡಿದ್ದು ತಾವೇ ಎಂದು ಹತ್ತು ವರ್ಷ ನ್ಯಾಯಾಲಯದಲ್ಲಿ ಹೋರಾಡಿದವು. 2019ರಲ್ಲಿ ತೀರ್ಪು ಬಂತು: ಯಾರೂ ಇದಕ್ಕೆ ಪೇಟೆಂಟ್ ಪಡೆದಿಲ್ಲ, ಯಾವ ಅಂಗಡಿಯವರು ಬೇಕಾದರೂ ಮಾಡಬಹುದು, ಮೊದಲಿಗರು ಯಾರೆಂಬ ಜಗಳಕ್ಕೆ ಅರ್ಥವಿಲ್ಲ.

ಬಬಲ್ ಟೀಯ ಜೀವ ಇರುವುದು ಬೋಬಾದಲ್ಲಿ. ಅದು ಮರಗೆಣಸಿನ ಪಿಷ್ಟದಿಂದ ಆಗುತ್ತದೆ. ಏಕಾದಶಿ, ಶಿವರಾತ್ರಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಖಿಚಡಿಯಾಗುವ, ಬೇಸಿಗೆಯಲ್ಲಿ ಸಂಡಿಗೆಯಾಗುವ ಸಾಬೂದಾಣಿಯೂ ಇದೇ ಪಿಷ್ಟದ್ದು. ನಮ್ಮ ದೇಶದ ಸಾಬೂದಾಣಿಗೆ ತಮಿಳುನಾಡಿನ ಸೇಲಂ ಪ್ರಸಿದ್ಧ. ಅಲ್ಲಿ ತಯಾರಕರ ಸಹಕಾರ ಸಂಘ ಸಾಗೋಸರ್ವ್ 1981ರಿಂದ ಇದೆ, 2023ರಲ್ಲಿ ಸೇಲಂ ಸಾಬೂದಾಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೋಬಾ ಗಾತ್ರದಲ್ಲಿ ಅದಕ್ಕಿಂತ ದೊಡ್ಡದು, ಸುಮಾರು 8ರಿಂದ 10 ಮಿಲಿಮೀಟರ್. ಬಣ್ಣ ಬರುವುದು ಹೆಚ್ಚಾಗಿ ಕಂದು ಸಕ್ಕರೆಯಿಂದ.

ಮರಗೆಣಸಿನ ಹಿಟ್ಟಿನಲ್ಲಿ ಗೋಧಿಯಂತೆ ಅಂಟುವ ಗುಣವಿಲ್ಲ. ತಣ್ಣೀರಿನಲ್ಲಿ ನಾದಿದರೆ ಉದುರಿ ಹೋಗುತ್ತದೆ. ಅದಕ್ಕೇ ಕುದಿಯುವ ಪಾಕವನ್ನೇ ಹಿಟ್ಟಿಗೆ ಸುರಿದು, ಪಿಷ್ಟದ ಒಂದಂಶ ಅಲ್ಲೇ ಬೆಂದು ಅಂಟಾಗುವಂತೆ ಮಾಡಿ, ಬಿಸಿ ಇರುವಾಗಲೇ ನಾದಿ ಉಂಡೆ ಕಟ್ಟುತ್ತಾರೆ. ಬಹುತೇಕ ಅಂಗಡಿಗಳು ಒಣಗಿಸಿದ ಬೋಬಾವನ್ನು ಚೀಲದಲ್ಲಿ ತರಿಸುತ್ತವೆ. ಅದನ್ನು ಅರ್ಧ ಗಂಟೆಯಷ್ಟು ಕುದಿಸಿ, ಒಲೆ ಆರಿಸಿ ಮುಚ್ಚಳ ಹಾಕಿ ಮತ್ತೆ ಸುಮಾರು ಅಷ್ಟೇ ಹೊತ್ತು ಬಿಟ್ಟು, ತೊಳೆದು ಸಕ್ಕರೆ ಪಾಕದಲ್ಲಿ ನೆನೆಸಿಡಬೇಕು. ಐದೇ ನಿಮಿಷಕ್ಕೆ ಬೇಯುವ ಸಿದ್ಧ ಬೋಬಾವೂ ಸಿಗುತ್ತದೆ, ಆದರೆ ನಿಧಾನವಾಗಿ ಬೆಂದದ್ದರ ಹದ ಅದಕ್ಕೆ ಬರುವುದಿಲ್ಲ.

ಬೆಂದ ಬೋಬಾದ ಆಯುಷ್ಯ ಸುಮಾರು ನಾಲ್ಕು ತಾಸು. ಬೆಂದಾಗ ನೀರು ಹೀರಿ ಸಡಿಲಗೊಂಡ ಪಿಷ್ಟದ ಎಳೆಗಳು ಆರುತ್ತಾ ಮತ್ತೆ ಒಂದಕ್ಕೊಂದು ಹೊಂದಿಕೊಂಡು ಬಿಗಿಯಾಗುತ್ತವೆ. ಫ್ರಿಜ್ಜಿನಲ್ಲಿಟ್ಟ ಅನ್ನ ಬಿರುಸಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ದೊಡ್ಡ ಹೆಸರಿನ ಅಂಗಡಿಯಲ್ಲೂ ಮಧ್ಯಾಹ್ನ ಬೇಯಿಸಿದ ಬೋಬಾ ರಾತ್ರಿಗೆ ಕೆಟ್ಟಿರುತ್ತದೆ, ಹೆಸರಿಲ್ಲದ ಸಣ್ಣ ಅಂಗಡಿಯಲ್ಲಿ ಈಗಷ್ಟೇ ಇಳಿಸಿದ ಪಾತ್ರೆಯದು ರುಚಿಯಾಗಿರುತ್ತದೆ. ಒಂದೇ ಕಂಪನಿಯ ಎರಡು ಶಾಖೆಗಳ ನಡುವೆಯೂ ಈ ವ್ಯತ್ಯಾಸ ಕಾಣುತ್ತದೆ. ಅತ್ಯುತ್ತಮ ಅಂಗಡಿಗಳ ಪಟ್ಟಿಗಳು ಈ ಒಂದು ವಿಷಯವನ್ನೇ ಬಿಟ್ಟುಬಿಡುತ್ತವೆ. ಹುಡುಕಬೇಕಾದದ್ದು ದಿನಕ್ಕೆ ಹಲವು ಸಲ ಬೋಬಾ ಬೇಯಿಸುವ ಅಂಗಡಿಯನ್ನು.

ಬೆಂಗಳೂರಿನಲ್ಲಿ ಅಂಥವು ಸಿಗುವುದು ಗಿರಾಕಿಗಳ ಓಡಾಟ ಜೋರಾಗಿರುವ ಕಡೆ: ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆ. ಈಶಾನ್ಯ ರಾಜ್ಯಗಳ ಮತ್ತು ಹೊರದೇಶದ ವಿದ್ಯಾರ್ಥಿಗಳು ಹೆಚ್ಚಾಗಿರುವ ಕಮ್ಮನಹಳ್ಳಿಯ ಸುತ್ತಲೂ ನೋಡಬಹುದು. ನೇರಳೆ ಮಾರ್ಗದ ಮೆಟ್ರೋದಲ್ಲಿ ಮಹಾತ್ಮ ಗಾಂಧಿ ರಸ್ತೆ ನಿಲ್ದಾಣಕ್ಕೆ ಇಳಿದರೆ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ ಎರಡಕ್ಕೂ ನಡೆದೇ ಹೋಗಬಹುದು, ಇಂದಿರಾನಗರವೂ ಅದೇ ಮಾರ್ಗದಲ್ಲಿದೆ. 2023ರಲ್ಲಿ ಇದೇ ಊರಿನಲ್ಲಿ ಶುರುವಾದ ಬೋಬಾ ಭಾಯ್ ಎಂಬ ಕಂಪನಿ ಈಗ ಹಲವು ಕಡೆ ಮಳಿಗೆ ತೆರೆದಿದೆ. ಗಿರಾಕಿ ಜಾಸ್ತಿ ಇದ್ದಷ್ಟೂ ಪಾತ್ರೆ ಬೇಗ ಖಾಲಿಯಾಗುತ್ತದೆ, ಹೊಸದು ಬೇಯುತ್ತದೆ. ಹಾಗಾಗಿ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ, ಇಲ್ಲವೇ ಸಂಜೆಯ ಗದ್ದಲದಲ್ಲಿ ಹೋಗುವುದು ಒಳ್ಳೆಯದು. ಮುಚ್ಚುವ ಹೊತ್ತಿಗೆ ಹೋಗಬಾರದು.

ಹೊಸ ಅಂಗಡಿಯನ್ನು ಪರೀಕ್ಷಿಸಲು ಕಪ್ಪು ಚಹಾದ ಸಾದಾ ಹಾಲಿನ ಬಬಲ್ ಟೀ ತೆಗೆದುಕೊಳ್ಳಬೇಕು, ಸಕ್ಕರೆ ಅರ್ಧ ಸಾಕೆನ್ನಬೇಕು. ಚಾಕೊಲೇಟ್, ಸ್ಟ್ರಾಬೆರಿಗಳ ಅಬ್ಬರದಲ್ಲಿ ಕೆಟ್ಟ ಚಹಾ ಅಡಗಿಬಿಡುತ್ತದೆ, ಸಾದಾದಲ್ಲಿ ಅಡಗಲಾರದು. ಬೋಬಾ ಯಾವಾಗ ಬೇಯಿಸಿದ್ದು ಎಂದು ಕೇಳಿದರೆ ಒಳ್ಳೆಯ ಅಂಗಡಿಯವರು ಹೊತ್ತು ಹೇಳುತ್ತಾರೆ. ನಂತರ ಒಂದು ಗುಂಡನ್ನು ಬಾಯಲ್ಲಿ ಅರ್ಧಕ್ಕೆ ಕಚ್ಚಿ ನೋಡಬೇಕು. ಹೊರಗೆ ಮೆತ್ತಗಿದ್ದು ಒಳಗೆ ಹಲ್ಲಿಗೆ ತುಸು ಎದುರು ಕೊಟ್ಟರೆ ಹದ ಸರಿ. ನಡುವೆ ಬೆಳ್ಳಗೆ ಹಿಟ್ಟು ಕಂಡರೆ ಬೆಂದಿಲ್ಲ. ಹಿಟ್ಟಿನಂತೆ ಕಲಸಿಹೋದರೆ ಹೊತ್ತು ಮೀರಿ ನೆನೆದಿದೆ. ಸಪ್ಪೆಯಾಗಿದ್ದರೆ ಪಾಕದಲ್ಲಿ ನೆನೆಸಿಲ್ಲ.

ಚಹಾವೂ ಅಷ್ಟೇ ಮುಖ್ಯ. ಎಲೆ ಇಳಿಸಿದ ಚಹಾದಲ್ಲಿ ಹಾಲು, ಮಂಜುಗಡ್ಡೆಗಳ ನಡುವೆಯೂ ಒಗರು ನಾಲಿಗೆಗೆ ಗೊತ್ತಾಗುತ್ತದೆ. ಪುಡಿ ಕಲಸಿದ್ದರಲ್ಲಿ ಸಿಹಿಯೂ ಜಿಡ್ಡೂ ಮಾತ್ರ ಉಳಿಯುತ್ತವೆ. ಟಾರೋ ಎಂದು ಮಾರುವುದು ಕೆಸುವಿನ ಗಡ್ಡೆಯ ರುಚಿಯದು, ಆದರೆ ಅದರ ಕಣ್ಣುಕುಕ್ಕುವ ನೇರಳೆ ಬಣ್ಣ ಹೆಚ್ಚಿನ ಕಡೆ ಪುಡಿಯದೇ ಹೊರತು ಗಡ್ಡೆಯದಲ್ಲ. ಹಲ್ಲಿಗೆ ಸಿಕ್ಕೊಡನೆ ಒಡೆದು ಹಣ್ಣಿನ ರಸ ಚಿಮ್ಮಿಸುವ ಪಾಪಿಂಗ್ ಬೋಬಾ ಬೇರೆಯೇ ವಸ್ತು. ಕಡಲಪಾಚಿಯಿಂದ ತೆಗೆದ ಆಲ್ಜಿನೇಟನ್ನೂ ಕ್ಯಾಲ್ಸಿಯಂ ಲವಣವನ್ನೂ ಸೇರಿಸಿ ರಸದ ಸುತ್ತ ತೆಳು ಪೊರೆ ಕಟ್ಟಿಸಿರುತ್ತಾರೆ. ಡಬ್ಬಿಯಿಂದ ನೇರ ಹಾಕುವುದರಿಂದ ಅಂಗಡಿಯವರ ಕೈಚಳಕ ಅದರಲ್ಲಿ ತಿಳಿಯುವುದಿಲ್ಲ.

ಮನೆಗೆ ತರಿಸಿಕೊಂಡರೆ ದಾರಿಯಲ್ಲೇ ಮಂಜುಗಡ್ಡೆ ಕರಗಿ ಚಹಾ ನೀರಾಗುತ್ತದೆ, ತಣ್ಣಗಿನ ಹಾಲಿನಲ್ಲಿ ಬೋಬಾ ಗಟ್ಟಿಯಾಗುತ್ತದೆ. ಅಂಗಡಿಯಲ್ಲೇ ನಿಂತು ಕುಡಿಯುವುದು ಮೇಲು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕೊಳವೆಗಳಿಗೆ ನಿಷೇಧವಿದೆ. ಕಾಗದದ ಕೊಳವೆ ಕೊಟ್ಟರೆ ಅದು ಮೆತ್ತಗಾಗುವ ಮೊದಲೇ ಕುಡಿದು ಮುಗಿಸಬೇಕು.

ಸಕ್ಕರೆಯ ಲೆಕ್ಕವನ್ನು ಮರೆಯುವಂತಿಲ್ಲ. ಪೂರ್ತಿ ಸಿಹಿಯ ದೊಡ್ಡ ಲೋಟವೊಂದರಲ್ಲಿ 40 ಗ್ರಾಂವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಸಕ್ಕರೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದಿದೆ. ಅಂಗಡಿಗಳಲ್ಲಿ ಸಿಹಿಯನ್ನು ಅರ್ಧ, ಕಾಲು, ಸೊನ್ನೆ ಎಂದು ಆರಿಸಬಹುದು. ಆದರೆ ಸೊನ್ನೆ ಎಂದರೂ ಪಾಕದಲ್ಲಿ ನೆನೆದ ಬೋಬಾದ ಸಕ್ಕರೆ ಉಳಿದೇ ಇರುತ್ತದೆ, ಮಧುಮೇಹ ಇರುವವರು ಇದನ್ನು ಗಮನಿಸಬೇಕು. ಅಗಿಯದೆ ನುಂಗುವ ಸಣ್ಣ ಮಕ್ಕಳಿಗೆ ಬೋಬಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ಬೋಬಾ ಇಲ್ಲದ ಲೋಟವನ್ನೇ ಕೇಳಿ ಕೊಡಿಸಬೇಕು.