ಒಂದೇ ಪುಸ್ತಕ, ಎರಡು ಪರೀಕ್ಷೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮೇಲೆ ಟಿ.ಸಿ.ಗಾಗಿ ಶಾಲೆಗೆ ಬರುವ ಹೆತ್ತವರು ನಮ್ಮೊಡನೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. “ಮಗುವಿಗೆ ಡಾಕ್ಟರಾಗಬೇಕೆಂಬ ಆಸೆ. ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡದಲ್ಲಿ. ಇನ್ನು ಪ್ಲಸ್ ಟು ಪರೀಕ್ಷೆಯನ್ನೂ ನೀಟ್ ಪರೀಕ್ಷೆಯನ್ನೂ ಒಟ್ಟಿಗೆ ಸುಧಾರಿಸುವುದು ಹೇಗೆ?” ಈ ಪ್ರಶ್ನೆಯ ಹಿಂದೆ ಇನ್ನೊಂದು ಅಳುಕೂ ಇದೆ. ಇದೇ ಭಯದಿಂದ ಎಷ್ಟೋ ಮಂದಿ ಮಕ್ಕಳನ್ನು ಎಳೆಯ ತರಗತಿಯಲ್ಲೇ ಕನ್ನಡ ಮಾಧ್ಯಮದಿಂದ ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತಾರೆ. ಆದ್ದರಿಂದ ಈ ವಿಷಯವನ್ನು ತುಸು ಬಿಡಿಸಿ ಹೇಳುವುದು ಅವಶ್ಯವೆಂದು ನಮಗೆ ತೋರಿತು. ನಾವು ಭಾಷೆಯ ಅಧ್ಯಾಪಕರು. ವಿಜ್ಞಾನದ ಅಧ್ಯಾಪಕರಿಂದ ಕೇಳಿ ತಿಳಿದುದನ್ನೂ ನಮ್ಮ ಹಳೆ ವಿದ್ಯಾರ್ಥಿಗಳನ್ನು ಗಮನಿಸಿ ಕಂಡುಕೊಂಡುದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇವೆ.

ಡಾಕ್ಟರಾಗಬೇಕೆಂಬ ಆಸೆ ನಮ್ಮ ಜಿಲ್ಲೆಯಲ್ಲಿ ಬರಿಯ ಅಂತಸ್ತಿನ ಪ್ರಶ್ನೆಯಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ಗಡಿಯ ರಸ್ತೆಗಳು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸಗೊಂಡ ಸರಕಾರಿ ಮೆಡಿಕಲ್ ಕಾಲೇಜಿಗೆ 50 ಎಂ.ಬಿ.ಬಿ.ಎಸ್. ಸೀಟುಗಳ ಅನುಮತಿ ದೊರೆತದ್ದು 2025ರಲ್ಲಿ. ರೋಗಿಯ ಮಾತನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ಅರ್ಥಮಾಡಿಕೊಳ್ಳಬಲ್ಲ ವೈದ್ಯರು ಇಲ್ಲಿಗೆ ಬೇಕು. ಅಂಥವರು ನಮ್ಮ ಬೆಂಚುಗಳಿಂದಲೇ ಎದ್ದು ಹೋಗಬೇಕಲ್ಲದೆ ಬೇರೆಲ್ಲಿಂದ ಬರಬೇಕು?

ಈಗ ಪರೀಕ್ಷೆಗಳ ವಿಚಾರ. ಕೇರಳದ ಹೈಯರ್ ಸೆಕೆಂಡರಿಯಲ್ಲಿ ಪ್ಲಸ್ ವನ್ ಮತ್ತು ಪ್ಲಸ್ ಟು ಎರಡೂ ವರ್ಷಗಳ ಅಂಕಗಳು ಸೇರಿ ಒಟ್ಟು 1200 ಅಂಕಗಳ ಲೆಕ್ಕ. ಆದ್ದರಿಂದ ಪ್ಲಸ್ ವನ್ ಎಂಬುದು ಎಸ್.ಎಸ್.ಎಲ್.ಸಿ.ಯ ಆಯಾಸ ಕಳೆಯಲು ಸಿಕ್ಕಿದ ವಿರಾಮದ ವರ್ಷವಲ್ಲ. ನೀಟ್ ಪರೀಕ್ಷೆಯೂ ಈ ಎರಡೂ ವರ್ಷಗಳ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನೇ ಕೇಳುತ್ತದೆ. 2025ರ ಪರೀಕ್ಷೆಯಲ್ಲಿ 180 ನಿಮಿಷಗಳಲ್ಲಿ 180 ಪ್ರಶ್ನೆಗಳಿದ್ದುವು: ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ, ಒಟ್ಟು 720.

ಮುಖ್ಯವಾದ ಸಂಗತಿ ಎಂದರೆ, ಕೇರಳದ ಪ್ಲಸ್ ಟು ವಿಜ್ಞಾನ ವಿಭಾಗದಲ್ಲಿ ಕಲಿಸುವುದು ಎನ್.ಸಿ.ಇ.ಆರ್.ಟಿ. ಪುಸ್ತಕಗಳನ್ನು; ನೀಟ್ ಪರೀಕ್ಷೆಗೆ ಓದಬೇಕಾದದ್ದೂ ಮೊದಲು ಅವೇ ಪುಸ್ತಕಗಳನ್ನು. ಎರಡು ಪಾಠಪಟ್ಟಿಗಳು ಅಕ್ಷರಕ್ಕೆ ಅಕ್ಷರ ಒಂದೇ ಅಲ್ಲ. ಅವನ್ನು ಅಕ್ಕಪಕ್ಕದಲ್ಲಿಟ್ಟು ಯಾವ ಪಾಠ ಎರಡರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ ಎಂದು ಪೆನ್ಸಿಲಿನಿಂದ ಗುರುತುಮಾಡಿಕೊಳ್ಳಬೇಕು. ಒಂದು ಸಂಜೆಯ ಕೆಲಸ. ಅಷ್ಟಾದ ಮೇಲೆ ಹೊರೆ ಎರಡಿಲ್ಲ, ಒಂದೇ ಎಂಬುದು ತಾನಾಗಿಯೇ ತಿಳಿಯುತ್ತದೆ. ಶಾಲೆಯ ಪುಸ್ತಕವನ್ನು ಮುಚ್ಚಿಟ್ಟು, ಕೋಚಿಂಗಿನವರು ಕೊಟ್ಟ ದಪ್ಪ ಗೈಡುಗಳ ಹಿಂದೆ ಹೋಗುವ ಮಕ್ಕಳು ಒಂದು ಹೊರೆಯನ್ನು ಎರಡಾಗಿ ಮಾಡಿಕೊಳ್ಳುತ್ತಾರೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕೇಳುವ ಕ್ರಮದಲ್ಲಿದೆ. ಒಂದು ಪರೀಕ್ಷೆ ಬರೆಯಲು ಹೇಳುತ್ತದೆ, ಇನ್ನೊಂದು ಆರಿಸಲು ಹೇಳುತ್ತದೆ. ರಕ್ತಪರಿಚಲನೆಯ ಪಾಠವನ್ನೇ ತೆಗೆದುಕೊಳ್ಳೋಣ. ಪ್ಲಸ್ ವನ್ ಪರೀಕ್ಷೆಯಲ್ಲಿ “ಇಮ್ಮಡಿ ಪರಿಚಲನೆಯನ್ನು ಚಿತ್ರಸಹಿತ ವಿವರಿಸಿ” ಎಂದು ಬರಬಹುದು. ವಿದ್ಯಾರ್ಥಿ ಹೃದಯದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ರಕ್ತ ಹೋಗುವ ದಾರಿಯನ್ನು ಹಂತಹಂತವಾಗಿ ಹೇಳಬೇಕು. ಎಲ್ಲೋ ಒಂದು ಹಂತ ತಪ್ಪಿದರೂ ಉಳಿದುದಕ್ಕೆ ಅಂಕ ಸಿಗುತ್ತದೆ. ನೀಟ್ ಪರೀಕ್ಷೆಯಲ್ಲಾದರೋ, ಶ್ವಾಸಕೋಶದಿಂದ ಆಮ್ಲಜನಕಯುಕ್ತ ರಕ್ತವನ್ನು ಹೃದಯಕ್ಕೆ ತರುವ ನಾಳ ಯಾವುದು ಎಂದು ಕೇಳಿ ನಾಲ್ಕು ಹೆಸರುಗಳನ್ನು ಮುಂದಿಡುತ್ತಾರೆ. “ಅಪಧಮನಿಯಲ್ಲಿ ಶುದ್ಧರಕ್ತ, ಅಭಿಧಮನಿಯಲ್ಲಿ ಅಶುದ್ಧರಕ್ತ” ಎಂದು ಉರುಹೊಡೆದವನು ಇಲ್ಲಿ ಎಡವುತ್ತಾನೆ. ಶ್ವಾಸಕೋಶದ ವಿಷಯದಲ್ಲಿ ಅದು ತಿರುಗಿಮುರುಗಿ. ಆದರೆ ಒಮ್ಮೆ ಕೈಯಾರೆ ಚಿತ್ರ ಬರೆದು ದಾರಿಯನ್ನು ವಿವರಿಸಿ ಅಭ್ಯಾಸವಿದ್ದವನಿಗೆ ಅರ್ಧ ನಿಮಿಷ ಸಾಕು. ಆದ್ದರಿಂದ ಮೊದಲು ಬರೆಯುವುದು, ಆಮೇಲೆ ಆರಿಸುವುದು, ಈ ಕ್ರಮವನ್ನು ತಲೆಕೆಳಗು ಮಾಡಬಾರದೆಂದು ನಮ್ಮ ಅಭಿಪ್ರಾಯ. ಒಂದು ಪಾಠ ಮುಗಿದ ದಿನ ಅದರ ದೀರ್ಘ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಅದೇ ವಾರದ ಕೊನೆಗೆ ಅದೇ ಪಾಠದ ಐವತ್ತು ಆಯ್ಕೆಯ ಪ್ರಶ್ನೆಗಳನ್ನು ಗಡಿಯಾರ ಮುಂದಿಟ್ಟು ಮಾಡಿರಿ.

ಊಹಿಸಿ ಉತ್ತರಿಸುವ ಬಗ್ಗೆ ಮಕ್ಕಳಲ್ಲಿ ಹಲವು ಮಾತುಗಳು ಹರಡಿವೆ. ಲೆಕ್ಕ ಹೀಗಿದೆ. ಏನೂ ತಿಳಿಯದ ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. 4 ಅಂಕದಲ್ಲಿ 3 ಕಳೆದು ಉಳಿಯುವುದು 1. ಅದೃಷ್ಟ ಕೆಟ್ಟರೆ ಅದೂ ಇಲ್ಲ, ಇದ್ದುದೂ ಹೋಗುತ್ತದೆ. ಆದರೆ ನಾಲ್ಕರಲ್ಲಿ ಎರಡು ಉತ್ತರಗಳು ಖಂಡಿತ ತಪ್ಪೆಂದು ತಿಳಿದಿದ್ದು ಉಳಿದೆರಡರಲ್ಲಿ ಒಂದನ್ನು ಆರಿಸುವುದಾದರೆ, ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿಯಾಗಿ, 8ರಲ್ಲಿ 2 ಕಳೆದು 6 ಅಂಕ ಬರುವ ಸಂಭವವಿದೆ. ಅರೆ ತಿಳಿವಳಿಕೆಗೂ ಬೆಲೆಯಿದೆ, ಪೂರ್ತಿ ಅಜ್ಞಾನಕ್ಕೆ ಇಲ್ಲ.

ಇನ್ನು ಭಾಷೆಯ ತೊಡಕು. ನಾವು ಹೆಚ್ಚು ಹೇಳಬೇಕಾದದ್ದು ಇದನ್ನೇ. ಕನ್ನಡದಲ್ಲಿ ಹತ್ತು ವರ್ಷ ಓದಿದ ಮಗು ಪ್ಲಸ್ ವನ್ ಸೇರಿದ ಕೂಡಲೇ ಇಂಗ್ಲಿಷ್ ಪುಸ್ತಕದ ಮುಂದೆ ಕಣ್ಣು ಕತ್ತಲೆ ಬಂದಂತಾಗಿ ಕೂರುತ್ತದೆ. ಮೊದಲ ಮೂರು ತಿಂಗಳಲ್ಲಿ ಹಿಂದೆ ಬೀಳುವುದು ವಿಜ್ಞಾನದಲ್ಲಿ ಅಲ್ಲ, ಹೆಸರುಗಳಲ್ಲಿ. ‘ಸಂವೇಗ’ವನ್ನು ಚೆನ್ನಾಗಿ ಅರಿತ ಹುಡುಗ ‘ಮೊಮೆಂಟಮ್’ ಎಂದಾಗ ಸುಮ್ಮನಾಗುತ್ತಾನೆ. ಅವನಿಗೆ ಗೊತ್ತಿಲ್ಲವೆಂದು ಅಧ್ಯಾಪಕರು ತಿಳಿಯುತ್ತಾರೆ. ಕೆಲವು ದಿನ ಕಳೆದರೆ ಅವನೂ ಹಾಗೆಯೇ ತಿಳಿಯತೊಡಗುತ್ತಾನೆ. ಈ ಎರಡನೆಯದೇ ಅಪಾಯ.

ಕನ್ನಡದಲ್ಲಿ ಕಲಿತ ಪಾರಿಭಾಷಿಕ ಪದಗಳು ಇಲ್ಲಿ ಅಡ್ಡಿಯಲ್ಲ, ಏಣಿ. ‘ದ್ಯುತಿಸಂಶ್ಲೇಷಣೆ’ ಎಂಬ ಮಾತಿನಲ್ಲಿ ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ‘ಫೋಟೋಸಿಂಥೆಸಿಸ್’ ಎಂಬ ಮಾತಿಗೂ ಗ್ರೀಕ್ ಮೂಲದಲ್ಲಿ ಅದೇ ಅರ್ಥ, ಅದೇ ಜೋಡಣೆ. ‘ಹೈಡ್ರೋಜನ್’ ಎಂದರೆ ನೀರನ್ನು ಹುಟ್ಟಿಸುವುದು. ನಮ್ಮ ಹಿರಿಯರು ಅದನ್ನು ‘ಜಲಜನಕ’ ಎಂದರು. ‘ಆಕ್ಸಿಜನ್’ ಎಂದರೆ ಹುಳಿಯನ್ನು ಹುಟ್ಟಿಸುವುದು, ಆದ್ದರಿಂದ ‘ಆಮ್ಲಜನಕ’. ಆಮ್ಲಗಳೆಲ್ಲ ಆಕ್ಸಿಜನ್ನಿನಿಂದಲೇ ಆಗುತ್ತವೆಂಬ 18ನೆಯ ಶತಮಾನದ ತಪ್ಪು ಕಲ್ಪನೆ ಆ ಹೆಸರಿನಲ್ಲಿ ಉಳಿದುಹೋಗಿದೆ. ಕನ್ನಡದ ಹೆಸರೂ ಆ ತಪ್ಪನ್ನು ನಿಷ್ಠೆಯಿಂದ ಹೊತ್ತುಕೊಂಡಿದೆ ಎಂಬುದು ಒಂದು ತಮಾಷೆ. ಹೀಗೆ ಒಡೆದು ನೋಡುವ ಅಭ್ಯಾಸವಿದ್ದರೆ ಜೀವಶಾಸ್ತ್ರದ ಉದ್ದುದ್ದ ಹೆಸರುಗಳು ಅಷ್ಟು ಭಯ ಹುಟ್ಟಿಸಲಾರವು. ಜೀವಶಾಸ್ತ್ರಕ್ಕೆ 720ರಲ್ಲಿ 360 ಅಂಕಗಳಿವೆ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವೇನಲ್ಲ.

ಇದಕ್ಕೊಂದು ಉಪಾಯ ಹೇಳುತ್ತೇವೆ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತಾ ಹೋಗಿರಿ. ಎಂಟು, ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕಗಳಿಂದಲೇ ಆರಂಭಿಸಬಹುದು. ದಿನಕ್ಕೆ ಹತ್ತು ಪದಗಳಂತೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳ ರಜೆಯಲ್ಲಿ ಆರುನೂರು ಪದಗಳಾಗುತ್ತವೆ. ಅಷ್ಟು ಕೈಯಲ್ಲಿದ್ದರೆ ಪ್ಲಸ್ ವನ್ ತರಗತಿಯಲ್ಲಿ ಕತ್ತಲಲ್ಲಿ ತಡಕಾಡಬೇಕಾಗಿಲ್ಲ.

“ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದಲ್ಲ?” ಎಂದು ಕೆಲವರು ಕೇಳುತ್ತಾರೆ. ಹೌದು, ಪ್ರಶ್ನಪತ್ರಿಕೆ ದೊರೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ನಮ್ಮಂಥ ಗಡಿನಾಡಿನವರು ತಿಳಿದಿರಬೇಕಾದ ನಿಯಮವೊಂದಿದೆ. ಕನ್ನಡದ ಪ್ರಶ್ನಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಕೇರಳದ ಕೇಂದ್ರಗಳಲ್ಲಿ ಸಿಗುವ ಪ್ರಾದೇಶಿಕ ಭಾಷೆ ಮಲಯಾಳ. ಆದ್ದರಿಂದ ಕನ್ನಡ ಬೇಕೆನ್ನುವವರು ಅರ್ಜಿ ಹಾಕುವಾಗಲೇ ಮಂಗಳೂರಿನಂಥ ಊರನ್ನು ಕೇಂದ್ರವಾಗಿ ಆರಿಸಬೇಕು. ಆ ಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಪ್ಲಸ್ ಟು ಎರಡು ವರ್ಷ ಇಂಗ್ಲಿಷ್ ಪುಸ್ತಕ ಓದಿದವರಿಗೆ ಪರೀಕ್ಷೆಯ ದಿನ ಕನ್ನಡ ಪದಗಳು ಹೊಸದಾಗಿ ಕಾಣುವುದೂ ಉಂಟು. ಕನ್ನಡದ ಅಧ್ಯಾಪಕರೇ ಹೀಗೆ ಹೇಳುವುದೇ ಎಂದು ಆಶ್ಚರ್ಯಪಡಬೇಡಿ. ಹಳೆಯ ಪ್ರಶ್ನಪತ್ರಿಕೆಯನ್ನು ಎರಡೂ ಭಾಷೆಗಳಲ್ಲಿ ಮಾಡಿ ನೋಡಿ, ಯಾವುದರಲ್ಲಿ ಬೇಗ ಅರ್ಥವಾಗುತ್ತದೋ ಅದನ್ನು ಆರಿಸುವುದೇ ವಿವೇಕ.

ವೇಳಾಪಟ್ಟಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪ್ರತಿ ಮನೆಯ ಅನುಕೂಲ ಬೇರೆ. 2025ರಲ್ಲಿ ಪ್ಲಸ್ ಟು ಪರೀಕ್ಷೆ ಮಾರ್ಚಿನಲ್ಲಿ ನಡೆಯಿತು, ನೀಟ್ ಮೇ 4ರಂದು. ಅಂದರೆ ನಡುವೆ ಸಿಗುವುದು ಸುಮಾರು ಐದು ವಾರ. ಹೊಸ ಪಾಠ ಕಲಿಯಲು ಇದು ಸಾಲದು, ಕಲಿತುದನ್ನು ತಿರುವಿ ಹಾಕಲು ಸಾಕು. ಆದ್ದರಿಂದ ಜನವರಿಯೊಳಗೆ ಪಾಠಗಳೆಲ್ಲ ಮುಗಿದಿರಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳು ಪೂರ್ತಿ ಶಾಲೆಯ ಪರೀಕ್ಷೆಗೆ. ಆಗ ನೀಟ್ ಮಾದರಿ ಪರೀಕ್ಷೆಗಳನ್ನು ಮುಟ್ಟುವುದೇ ಬೇಡ. ಏಪ್ರಿಲಿನಲ್ಲಿ ದಿನವೂ ಮಧ್ಯಾಹ್ನ 2ರಿಂದ 5 ಗಂಟೆಯವರೆಗೆ ಕೂತು ಮಾದರಿ ಪ್ರಶ್ನಪತ್ರಿಕೆ ಮಾಡಿರಿ. ಮಧ್ಯಾಹ್ನವೇ ಏಕೆಂದರೆ ನೀಟ್ ಪರೀಕ್ಷೆ ನಡೆದದ್ದು ಆ ಹೊತ್ತಿನಲ್ಲಿ. ಕುಚ್ಚಲಕ್ಕಿ ಅನ್ನ ಉಂಡು ಏಪ್ರಿಲಿನ ಸೆಕೆಯಲ್ಲಿ ಕಣ್ಣು ಎಳೆಯುವ ಹೊತ್ತು ಅದು. ಆ ಹೊತ್ತಿನಲ್ಲಿ ಎಚ್ಚರವಾಗಿರಲು ದೇಹಕ್ಕೂ ಅಭ್ಯಾಸ ಬೇಕು. ರಾತ್ರಿ ನಿದ್ದೆಗೆಡುವುದರಿಂದ ಯಾವ ಲಾಭವೂ ಇಲ್ಲ.

ಪ್ಲಸ್ ಟು ಅಂಕಗಳು ನೀಟ್ ರ್‍ಯಾಂಕಿಗೆ ಸೇರುವುದಿಲ್ಲವೆಂದು ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಇದು ಸರಿಯಲ್ಲ. ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟಾಗಿ ಶೇಕಡಾ 50 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗಗಳವರಿಗೆ 40, ಇಂಗ್ಲಿಷಿನಲ್ಲಿ ಪಾಸಾಗಿರಲೇಬೇಕು. ಹೈಯರ್ ಸೆಕೆಂಡರಿಯಲ್ಲಿ ಪಾಸಾಗಲು ಶೇಕಡಾ 30 ಸಾಕೆಂಬುದನ್ನು ನಂಬಿ ಕೂತವರು ನೀಟ್‌ನಲ್ಲಿ ಒಳ್ಳೆಯ ಅಂಕ ಗಳಿಸಿಯೂ ಬಾಗಿಲಲ್ಲಿ ನಿಲ್ಲಬೇಕಾದೀತು.

ಹೆತ್ತವರು ತಿಳಿಯಬೇಕಾದ ಇನ್ನೊಂದು ಲೆಕ್ಕವಿದೆ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಅರ್ಹತೆ ಪಡೆದವರು 13 ಲಕ್ಷಕ್ಕೂ ಹೆಚ್ಚು. ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ “ನೀಟ್ ಪಾಸಾಗಿದೆ” ಎಂಬ ಮಾತಿಗೂ “ಸೀಟು ಸಿಕ್ಕಿದೆ” ಎಂಬ ಮಾತಿಗೂ ಬಹಳ ದೂರ. ಸೀಟು ಸಿಗದ ಮಗು ಸೋತಿತೆಂದು ಮನೆಯಲ್ಲಿ ಸೂತಕದ ವಾತಾವರಣ ಮಾಡುವುದು ಅನ್ಯಾಯ. ಆಯುರ್ವೇದ, ಹೋಮಿಯೋಪತಿ ಪ್ರವೇಶಕ್ಕೂ ಇದೇ ನೀಟ್ ಅಂಕ ಬೇಕು, ಕೇರಳದಲ್ಲಿ ಬಿ.ಎಸ್ಸಿ. ನರ್ಸಿಂಗ್ ಪ್ರವೇಶ ಬಹುಕಾಲ ಪ್ಲಸ್ ಟು ಅಂಕಗಳ ಮೇಲೆಯೇ ನಡೆದುಬಂದಿದೆ. ಶಾಲೆಯ ಪರೀಕ್ಷೆಯನ್ನು ಚೆನ್ನಾಗಿ ಬರೆದವರಿಗೆ ಈ ದಾರಿಗಳು ತೆರೆದಿರುತ್ತವೆ. ಇನ್ನೊಂದು ವರ್ಷ ಕಾದು ಮತ್ತೆ ನೀಟ್ ಬರೆಯುವುದಿದ್ದರೆ ಸಾಲ ಮಾಡಿ ದೂರದ ಕೋಚಿಂಗಿಗೆ ಕಳುಹಿಸುವ ಮೊದಲು, ಆ ವರ್ಷ ಮಗುವಿಗೇ ಬೇಕೋ ನಮಗೆ ಬೇಕೋ ಎಂದು ಕೂತು ಮಾತಾಡಿರಿ.

ಅರ್ಜಿಗಳ ವಿಷಯದಲ್ಲಿ ಮೈಮರೆಯಬಾರದು. ನೀಟ್ ಬರೆದರಷ್ಟೇ ಸಾಲದು. ಕೇರಳದ ಸೀಟು ಬೇಕಾದವರು ಇಲ್ಲಿನ ಪ್ರವೇಶ ಪರೀಕ್ಷಾ ಕಮಿಷನರರಿಗೂ ಬೇರೆಯಾಗಿ ಅರ್ಜಿ ಹಾಕಬೇಕು. ಇನ್ನು ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲೂ ಒಂದು ಅವಕಾಶವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವವಾಗಿದ್ದು, ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ವಾಸವಾಗಿದ್ದು ಕನಿಷ್ಠ ಏಳು ವರ್ಷ ಓದಿದವರು ಅಲ್ಲಿ ಅರ್ಜಿ ಹಾಕಬಹುದು. ಇವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ನಿಯಮಗಳು ವರ್ಷಕ್ಕೊಮ್ಮೆ ಬದಲಾಗುವುದುಂಟು, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಮುಂದುವರಿಯಬೇಕು. ಶಾಲೆಯಲ್ಲಿ ಓದಿದ ವರ್ಷಗಳ ವಿವರವಿರುವ ಪ್ರಮಾಣಪತ್ರವನ್ನು ಟಿ.ಸಿ. ಪಡೆಯುವಾಗಲೇ ಕೇಳಿ ತೆಗೆದಿಟ್ಟುಕೊಳ್ಳಿರಿ. ರಜೆಯಲ್ಲಿ ಬರೆದ ಆ ಎರಡು ಸಾಲಿನ ನೋಟ್‌ಬುಕ್ಕನ್ನು ಯಾವ ದಿನ ತಂದರೂ ಸರಿ, ಪದಗಳನ್ನು ನೋಡಿ ತಿದ್ದಿಕೊಡಲು ನಾವೂ ನಮ್ಮ ವಿಜ್ಞಾನದ ಅಧ್ಯಾಪಕರೂ ಸಿದ್ಧರಿದ್ದೇವೆ.