ಸಹಾಯಧನವೂ ಮನೆಯ ಕಸವೂ

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆಯನ್ನು ನಮ್ಮ ಹಿರಿಯರು ಸಾಲದ ವಿಷಯವಾಗಿ ಹೇಳಿದರು. ದಾನದ ವಿಷಯದಲ್ಲಿಯೂ ಇದು ಒಮ್ಮೊಮ್ಮೆ ನಿಜವಾಗುವುದುಂಟು. ಊರಿನ ನೆಲ, ನೀರು, ಗಾಳಿಗಳು ಕೆಡದಂತೆ ಉಳಿಸಿಕೊಳ್ಳುವ ಕೆಲಸಕ್ಕೆಂದು ಈಗ ಹಲವು ಕಡೆಗಳಿಂದ ಸಹಾಯಧನವು ದೊರೆಯುತ್ತಿರುವುದು. ಕೆಲವೆಡೆ ಆ ಹಣವು ಬೇರೂರಿ ಫಲ ಕೊಡುವುದು. ಕೆಲವೆಡೆ ಉದ್ಘಾಟನೆಯ ಹಾರವು ಬಾಡುವುದರೊಳಗಾಗಿ ಕೆಲಸವೂ ಬಾಡಿಹೋಗುವುದು. ಈ ಭೇದಕ್ಕೆ ಕಾರಣವೇನೆಂಬುದನ್ನು ನಮ್ಮ ಗೃಹಸ್ಥ ವಾಚಕರೊಡನೆ ವಿಚಾರಮಾಡಬೇಕೆಂದು, ಬೆಂಗಳೂರಿನ ಪಶ್ಚಿಮಕ್ಕಿರುವ ನಾಯಂಡಹಳ್ಳಿಯನ್ನು ನಾವು ಉದಾಹರಣೆಯಾಗಿ ತೆಗೆದುಕೊಂಡಿರುವೆವು.

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸ್ಥಳವೇ ನಾಯಂಡಹಳ್ಳಿ. 2021ರಿಂದ ಇಲ್ಲಿ ಮೆಟ್ರೋ ರೈಲೂ ನಿಲ್ಲುತ್ತಿರುವುದು. ಸಮೀಪದಲ್ಲಿಯೇ ವೃಷಭಾವತಿ ನದಿಯು ಊರಿನ ಕೊಳಚೆಯನ್ನೆಲ್ಲ ಹೊತ್ತುಕೊಂಡು ಬೈರಮಂಗಲದ ಕಡೆಗೆ ಹರಿಯುವಳು. ಅಲ್ಲಿಂದ ಮುಂದೆ ಅವಳು ಅರ್ಕಾವತಿಯನ್ನೂ, ಅರ್ಕಾವತಿಯು ಕಾವೇರಿಯನ್ನೂ ಸೇರುವುದರಿಂದ, ಇಲ್ಲಿ ನೀರಿಗೆ ಬಿದ್ದುದು ಇಲ್ಲಿಯೇ ನಿಲ್ಲತಕ್ಕದ್ದಲ್ಲ. ಈ ಊರಿಗೆ ಇನ್ನೊಂದು ಹೆಸರುವಾಸಿಯೂ ಉಂಟು; ಅದು ಗುಜರಿಯ ವ್ಯಾಪಾರ. ನಗರದ ಮನೆಮನೆಗಳಿಂದ ಹೊರಬಿದ್ದ ಪ್ಲಾಸ್ಟಿಕ್ಕಿನ ಶೀಸೆ, ಹಾಲಿನ ಚೀಲ, ಒಡೆದ ಬಕೆಟ್ಟು, ಕಾಲು ಮುರಿದ ಕುರ್ಚಿ ಇವೆಲ್ಲವೂ ಈ ಸೀಮೆಯ ಗುಜರಿ ಅಂಗಡಿಗಳಿಗೆ ಬಂದು ರಾಶಿಬೀಳುವುವು. ಅಲ್ಲಿ ಅವುಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ, ತೊಳೆದು, ಚೂರುಮಾಡಿ, ಹೊಸ ಸಾಮಾನು ಮಾಡುವವರಿಗೆ ಮಾರುವರು. ನಾವು ಕಸವೆಂದು ಎಸೆದುದು ಅಲ್ಲಿ ಸರಕಾಗುವುದು.

ಈ ಸರಕಿನ ಮೊದಲ ಕೈ ಯಾವುದು? ಚಿಂದಿ ಆಯುವವರ ಕೈ. ಮುಂಜಾನೆ ನಾವು ಕಾಫಿ ಕುಡಿಯುವುದಕ್ಕೆ ಮೊದಲೇ ಬೀದಿಗಿಳಿದು, ಹೆಗಲಿಗೆ ಚೀಲ ಹಾಕಿಕೊಂಡು ಹೊರಡುವ ಈ ಹೆಂಗಸರೂ ಗಂಡಸರೂ ಬಹುಕಾಲದವರೆಗೆ ಊರಿನ ಲೆಕ್ಕದಲ್ಲಿಯೇ ಇರಲಿಲ್ಲ. 2011ರಿಂದೀಚೆಗೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇವರಿಗೆ ಗುರುತಿನ ಚೀಟಿಗಳನ್ನು ಕೊಡತೊಡಗಿತು. 2012ರಲ್ಲಿ ಮಾವಳ್ಳಿಪುರದ ಗ್ರಾಮಸ್ಥರು ನಗರದ ಕಸ ನಮಗೆ ಬೇಡವೆಂದು ತಡೆದರು. ಮಂಡೂರಿನವರೂ ಅದೇ ದಾರಿ ಹಿಡಿದರು. ಆಗ ಕಸವನ್ನು ಮನೆಯಲ್ಲಿಯೇ ವಿಂಗಡಿಸದೆ ಗತ್ಯಂತರವಿಲ್ಲವೆಂಬುದು ಎಲ್ಲರ ಮನಸ್ಸಿಗೂ ಬಂದಿತು. ವಾರ್ಡುಗಳಲ್ಲಿ ಒಣಕಸದ ಸಂಗ್ರಹ ಕೇಂದ್ರಗಳು ಏರ್ಪಟ್ಟುವು; 'ಹಸಿರು ದಳ' ಮೊದಲಾದ ಸಂಸ್ಥೆಗಳ ಬೆಂಬಲದಿಂದ ಅವುಗಳಲ್ಲಿ ಹಲವನ್ನು ಚಿಂದಿ ಆಯುತ್ತಿದ್ದವರೇ ನಡೆಸತೊಡಗಿದರು. 2015ರ ಕೊನೆಯಲ್ಲಿ ಉಚ್ಚ ನ್ಯಾಯಾಲಯವು ಮನೆಗೆ ಎರಡು ಬುಟ್ಟಿ, ಒಂದು ಚೀಲವೆಂದು ವಿಧಿಸಿತು.

ಕಸವನ್ನು ಮಾರಿ ಬದುಕುವವರಿಗೆ ಸಹಾಯಧನವೇಕೆಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಒಳ್ಳೆಯ ಶೀಸೆಗೂ ರಟ್ಟಿಗೂ ಬೆಲೆಯುಂಟು. ಬಿಸ್ಕತ್ತಿನ ತೆಳುಕಾಗದಕ್ಕೆ ಬೆಲೆಯಿಲ್ಲ, ಆದರೂ ಅದನ್ನು ಆರಿಸಿಡಲೇಬೇಕು. ಮೇಲಾಗಿ ಕಚ್ಚಾ ತೈಲದ ಬೆಲೆ ಇಳಿದಾಗ ಹೊಸ ಪ್ಲಾಸ್ಟಿಕ್ಕು ಅಗ್ಗವಾಗಿ ಹಳೆಯದನ್ನು ಕೇಳುವವರು ಕಡಿಮೆಯಾಗುವರು. ಎಲ್ಲಿಯೋ ದೂರದೇಶದ ಪೇಟೆ ಕುಸಿದರೆ ಇಲ್ಲಿಯ ತಾಯಿಯೊಬ್ಬಳ ಅಂದಿನ ಕೂಲಿ ಕುಸಿಯುವುದು. ಹೀಗಿರುವಲ್ಲಿ ತಕ್ಕಡಿ, ಮೂಟೆಕಟ್ಟುವ ಯಂತ್ರ, ಕೈಗವಸು, ಶೌಚಗೃಹ, ಮಕ್ಕಳ ವಿದ್ಯೆ ಇವುಗಳಿಗೆ ಗುಜರಿಯ ಲಾಭ ಸಾಲದು. ಸಹಾಯಧನಕ್ಕೆ ಸರಿಯಾದ ಸ್ಥಾನವು ಇದೇ.

ಈ ಹಣವು ಬರುವ ದಾರಿಗಳು ಹಲವು. 2013ರ ಕಂಪೆನಿ ಕಾಯಿದೆಯ 135ನೆಯ ಪ್ರಕರಣದಂತೆ ದೊಡ್ಡ ಕಂಪೆನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಲೋಕೋಪಕಾರಕ್ಕೆ ವೆಚ್ಚಮಾಡತಕ್ಕದ್ದು. ಪರಿಸರರಕ್ಷಣೆಯೂ ಅದರಲ್ಲಿ ಸೇರಿರುವುದು. ಸ್ವೀಡನ್ ದೇಶದ ಎಚ್ ಅಂಡ್ ಎಂ ಪ್ರತಿಷ್ಠಾನದ ಹಣದಿಂದ 2020ರಲ್ಲಿ ಬೆಂಗಳೂರಿನ ಚಿಂದಿ ಆಯುವವರಿಗಾಗಿಯೇ 'ಸಾಮೂಹಿಕ ಶಕ್ತಿ' ಎಂಬ ಯೋಜನೆಯು ಆರಂಭವಾಯಿತು. ಇದರ ವಿಶೇಷವೇನೆಂದರೆ, ಒಂದೇ ಸಂಸ್ಥೆಗೆ ಎಲ್ಲವನ್ನೂ ವಹಿಸದೆ ನೀರು, ವಿದ್ಯೆ, ಜೀವನೋಪಾಯ ಮುಂತಾದವುಗಳಲ್ಲಿ ಪಳಗಿದ ಹಲವು ಸಂಸ್ಥೆಗಳನ್ನು ಒಟ್ಟುಗೂಡಿಸಿದುದು. ಬಡತನವು ಒಂದೇ ಬಾಗಿಲಿನಿಂದ ಬರುವುದಿಲ್ಲವಷ್ಟೆ!

ಆದರೆ ಬೀದಿಯ ಹತ್ತು ಮನೆಯವರು ಕೂಡಿ ಕೇಳಿದೊಡನೆ ಈ ಹಣವು ಕೈಗೆ ಬರತಕ್ಕದ್ದಲ್ಲ. ಕಂಪೆನಿಯ ಹಣವನ್ನು ಪಡೆದು ಕೆಲಸ ನಡೆಸುವ ಸಂಸ್ಥೆಯು 2021ರ ಏಪ್ರಿಲ್ಲಿನಿಂದ ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗಿರಬೇಕು. ವಿದೇಶದ ಹಣವನ್ನು ಪಡೆದ ಸಂಸ್ಥೆಯು ಅದನ್ನು ಮತ್ತೊಂದು ಸಂಸ್ಥೆಗೆ ಹಂಚಕೂಡದೆಂದು 2020ರ ತಿದ್ದುಪಡಿಯಲ್ಲಿ ವಿಧಿಸಲಾಯಿತು. ಲೆಕ್ಕವು ಶುದ್ಧವಾಗಿರಬೇಕೆಂಬುದು ಒಪ್ಪತಕ್ಕ ಮಾತೇ. ಆದರೂ ಚಿಕ್ಕ ಸಂಘಗಳಿಗೆ ಬಾಗಿಲು ಇಕ್ಕಟ್ಟಾಯಿತೆಂಬುದನ್ನು ಹೇಳದಿರಲಾರೆವು. ಇಂಥ ಸಂಘಗಳು ನೋಂದಾಯಿತ ಸಂಸ್ಥೆಯೊಂದರ ಜೊತೆಗೂಡಿ ನಡೆಯುವುದೇ ಸುಲಭ.

ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದುಂಟು. ಸಹಾಯಧನಕ್ಕೆ ಅವಧಿಯುಂಟು, ಕಸಕ್ಕೆ ಅವಧಿಯಿಲ್ಲ. ಕೊಡುವವರು ಎರಡು ಮೂರು ವರ್ಷಗಳಲ್ಲಿ ಬೇರೆ ಕಡೆ ತಿರುಗುವರು. ಯಂತ್ರ ಕೆಟ್ಟರೆ ದುರಸ್ತಿಯ ಹಣ ಯಾರದೆಂದು ಮೊದಲೇ ಕೇಳದವರು ಆಮೇಲೆ ತುಕ್ಕು ಹಿಡಿದ ಕಬ್ಬಿಣವನ್ನು ನೋಡುತ್ತ ಕುಳಿತಿರಬೇಕಾಗುವುದು. ಹಿಂದೆ ಮೈಸೂರು ಸಂಸ್ಥಾನದಲ್ಲಿ ಸಣ್ಣ ಕೆರೆಗಳನ್ನು ದುರಸ್ತಿಮಾಡುವಾಗ ಮಣ್ಣಿನ ಕೆಲಸ ರೈತರದು, ಕಲ್ಲುಗಾರೆಯ ಕೆಲಸ ಸರ್ಕಾರದ್ದು ಎಂಬ ಏರ್ಪಾಡಿತ್ತು. ತಮ್ಮ ಬೆವರು ಸುರಿದ ಏರಿಯನ್ನು ಊರವರು ತಮ್ಮದೆಂದು ಕಾಯುವರೆಂಬ ವಿವೇಕವು ಅದರಲ್ಲಿ ಅಡಗಿದ್ದಿತು. ಇಂದಿನ ಕೆಲಸದಲ್ಲಿ ನಮ್ಮ ಪಾಲಿನ ಮಣ್ಣು ಯಾವುದು?

ಅದು ನಮ್ಮ ಅಡಿಗೆಯ ಮನೆಯಲ್ಲಿರುವುದು. ಹಾಲಿನ ಚೀಲವನ್ನು ಒಂದು ಲೋಟ ನೀರಿನಲ್ಲಿ ಜಾಲಿಸಿ ಒಣಗಿಸಿಟ್ಟರೆ ಅದು ಸರಕು. ಸಾರಿನ ಸಿಪ್ಪೆಯೊಡನೆ ಬೆರೆತರೆ ಹೊಲಸು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತುಮಾಡಿದರೆ ಒಬ್ಬರ ಬೆರಳು ಉಳಿಯುವುದು. ಮೈಲಿಗೆಯ ಬಟ್ಟೆ, ಮಗುವಿನ ಚಡ್ಡಿ ಇವುಗಳನ್ನು ಬೇರೆಯಾಗಿ ಸುತ್ತಿ ಕೊಡತಕ್ಕದ್ದು. ಲಕ್ಷಾಂತರ ರೂಪಾಯಿಯ ಯಂತ್ರವು ಮಾಡಲಾರದುದನ್ನು ಮನೆಯೊಡತಿಯ ಎರಡು ನಿಮಿಷಗಳ ಎಚ್ಚರವು ಮಾಡಬಲ್ಲುದು. ಯಜಮಾನನೂ ಮಕ್ಕಳೂ ಇದರಲ್ಲಿ ಕೈಗೂಡಿಸದಿದ್ದರೆ ಆ ಎರಡು ನಿಮಿಷವೂ ಅವಳೊಬ್ಬಳ ಮೇಲಿನ ಹೊರೆಯಾದೀತೆಂಬುದನ್ನೂ ಇಲ್ಲಿ ನೆನಪುಮಾಡುವೆವು.

ದಾನಿಗಳು ಕೊಡಲಿ, ಸಂಸ್ಥೆಗಳು ಲೆಕ್ಕವಿಡಲಿ, ಸರ್ಕಾರವು ಜಾಗ ಒದಗಿಸಲಿ. ನಾಳೆ ಬೆಳಗ್ಗೆ ಕಸದ ಗಾಡಿಯ ಸದ್ದು ಕೇಳಿದಾಗ ನಾವು ಒಣಚೀಲವನ್ನು ಬೇರೆಯಾಗಿ ನೀಡಿ, ಅದನ್ನು ತೆಗೆದುಕೊಳ್ಳುವವಳನ್ನು "ಏನಮ್ಮಾ, ಚೆನ್ನಾಗಿದ್ದೀಯಾ?" ಎಂದು ವಿಚಾರಿಸೋಣ. ಅವಧಿ ಮುಗಿಯದ ಸಹಾಯವೆಂದರೆ ಇಷ್ಟೇ.